ಒಂದು ಗೇಣು ಹಳಿ

ಕೇಶರಬಾಯಿಯ ಮನೆಯಲ್ಲಿ ಭಾಲ್ಕಿ ಸ್ಟೇಶನ್ನಿನ ಕೆಳಗೆ ಮೊಮ್ಮಗಳ ಜೋಳಿಗೆ ತೂಗುತ್ತಿತ್ತು.

ಬೀದರಿನ ಸ್ಟೇಶನ್ ರೋಡಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆ, ಒಂದು ಪುಟ್ಟ ಅಡಿಗೆಕೋಣೆಯ ಬಾಡಿಗೆ ಮನೆ ಅದು. ಹೊರಕೋಣೆಯನ್ನು ಗಂಡ ಕಾಶೀರಾಮನ ಆಟದ ರೈಲು ಇಡಿಯಾಗಿ ನುಂಗಿತ್ತು. ಎದೆಯೆತ್ತರದ ಕಾಲುಗಳ ಮೇಲೆ ಮೂರು ದೊಡ್ಡ ಹಲಗೆ. ಹಲಗೆಯ ಬಲಕ್ಕೆ ಭಾಲ್ಕಿ, ಎಡಕ್ಕೆ ಕಮಲನಗರ, ನಡುವೆ ಮರದ ಪುಡಿಗೆ ಬಣ್ಣ ಹಾಕಿ ಮಾಡಿದ ಜೋಳದ ಹೊಲ, ತಾಮ್ರದ ತಂತಿ ಹೆಣೆದು ನಿಲ್ಲಿಸಿದ ಬೇವಿನ ಗಿಡಗಳು. ಹಲಗೆಯ ಕೆಳಗೆ ಸಂಸಾರ: ಹಾಸಿಗೆ ಸುರುಳಿ, ಜೋಳದ ಡಬ್ಬಿ, ಮುಚ್ಚಿಟ್ಟ ನೀರಿನ ಕೊಡಗಳು, ಅಡ್ಡಪಟ್ಟಿಗೆ ಕಟ್ಟಿದ ಸೀರೆಯಲ್ಲಿ ಮಲಗಿದ ಕೂಸು. ಮೇಲೆ ರೈಲು ಓಡಿದರೆ ಕೂಸಿಗೆ ನಿದ್ದೆ, ರೈಲು ನಿಂತರೆ ಅಳು.

ಕಾಶೀರಾಮ ರೈಲ್ವೆಯ ನೌಕರನಲ್ಲ. ಭಾಲ್ಕಿ ಸ್ಟೇಶನ್ನಿನ ಎದುರಿಗೆ ಅವನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುತ್ತಲ ಹಳ್ಳಿಗಳಲ್ಲಿ ಪಂಪಿನ ಮೋಟಾರು ಸುಟ್ಟರೆ ಬಸ್ಸಿನ ಮೇಲೆ ಹೇರಿಕೊಂಡು ಅವನ ಬಾಗಿಲಿಗೆ ತರುತ್ತಿದ್ದರು. ಸುಟ್ಟ ತಂತಿ ಕಿತ್ತು ಹೊಸ ತಂತಿ ಸುತ್ತುತ್ತ ಕಣ್ಣೆತ್ತಿದಾಗೆಲ್ಲ ಎದುರಿಗೆ ಸ್ಟೇಶನ್. ನೋಡಿ ನೋಡಿ ಅದನ್ನು ಪ್ಲೈವುಡ್ಡಿನ ಮೇಲೆ ಕಟ್ಟಿದ. ಟೇಪ್‌ರೆಕಾರ್ಡರಿನ ಮೋಟಾರುಗಳಿಗೆ ತಾನೇ ತಂತಿ ಸುತ್ತಿ ಮೂರು ಎಂಜಿನು ಮಾಡಿದ. ಶನಿವಾರಕ್ಕೊಮ್ಮೆ ಟೆಂಪೊದಲ್ಲಿ ಹಾಕಿಕೊಂಡು ಔರಾದ, ಸಂತಪುರ, ಕಮಲನಗರದ ಶಾಲೆಗಳಿಗೆ ಒಯ್ದು ತೋರಿಸಿ ಬರುತ್ತಿದ್ದ. ಕೇಶರಬಾಯಿಯೂ ಜೊತೆಗೆ ಹೋಗಲೇಬೇಕು. ಆ ರೈಲು ಒಬ್ಬರ ಕೈಗೆ ಓಡುವಂಥದಲ್ಲ.

ಕಣ್ಣಿಗೆ ಹಳಿ ಒಂದೇ ಕಂಡರೂ ಒಳಗೆ ತುಂಡು ತುಂಡು. ಪ್ರತಿ ತುಂಡಿಗೂ ಬೇರೆ ತಂತಿ, ಬೇರೆ ಸ್ವಿಚ್ಚು. ಬಲಕ್ಕೆ ಹಾಕಿದರೆ ಆ ತುಂಡಿನ ಕರೆಂಟು ಭಾಲ್ಕಿಯ ಪ್ಯಾನಲ್ಲಿನಲ್ಲಿ ನಿಂತ ಕಾಶೀರಾಮನ ಕೈಯಲ್ಲಿ. ಎಡಕ್ಕೆ ಹಾಕಿದರೆ ಕಮಲನಗರದ ಪ್ಯಾನಲ್ಲಿನ ಮುಂದೆ ಕಬ್ಬಿಣದ ಸ್ಟೂಲಿನ ಮೇಲೆ ಕೂತ ಕೇಶರಬಾಯಿಯ ಕೈಯಲ್ಲಿ. ನಡುವೆ ನಿಲ್ಲಿಸಿದರೆ ಯಾರ ಕೈಯಲ್ಲೂ ಇಲ್ಲ. ಗಾಡಿ ಅಲ್ಲೇ ಸುಮ್ಮನೆ ನಿಲ್ಲುತ್ತದೆ. ಗಾಡಿ ಗಡಿಗೆ ಬಂದಾಗ ಅವನು "ಕೊಟ್ಟೆ" ಅನ್ನಬೇಕು. ಅವಳು ಸ್ವಿಚ್ಚು ಹಾಕುತ್ತ "ತಗೊಂಡೆ" ಅನ್ನಬೇಕು. ಅನ್ನದೆ ಮುಟ್ಟುವಂತಿಲ್ಲ. ಬುದ್ಧ ವಿಹಾರದಲ್ಲಿ ಭಂತೇಜಿ ಒಂದು ಸಾಲು ಹೇಳಿಕೊಟ್ಟರೆ ಕೂತ ಮಂದಿ ಅದನ್ನೇ ತಿರುಗಿ ಹೇಳುವ ಹಾಗೆ, ವರ್ಷಗಟ್ಟಲೆ ಆ ಎರಡು ಮಾತು ಅವರ ನಡುವೆ ಓಡಾಡಿದವು. ಜಗಳವಾಡಿ ಬೇರೆ ಮಾತು ಬಿಟ್ಟ ದಿನಗಳಲ್ಲೂ ಅವೆರಡನ್ನು ಬಿಡಲಿಲ್ಲ.

ಆಮೇಲೆ ಮಳೆ ಹೋಯಿತು. ಮರುವರ್ಷವೂ ಹೋಯಿತು. ಬೋರಿನಲ್ಲಿ ನೀರೇ ಇಲ್ಲದ ಮೇಲೆ ಪಂಪು ಯಾಕೆ ಸುಡುತ್ತದೆ? ಅಂಗಡಿಗೆ ಬೀಗ ಬಿತ್ತು. ಔರಾದ ಕಡೆಯ ಶಾಲೆಗಳಲ್ಲಿ ಮಕ್ಕಳು ಅವ್ವ ಅಪ್ಪನ ಬೆನ್ನು ಹತ್ತಿ ಪುಣೆ, ಹೈದರಾಬಾದು ಅಂತ ಹೋದವು. ರೈಲು ತೋರಿಸಲು ಕರೆಯುವವರಿಲ್ಲ. ಗಂಡ ಹೆಂಡತಿ ಹಲಗೆಗಳನ್ನು ಹೇರಿಕೊಂಡು ಬೀದರಿಗೆ, ಮಗ ಪಂಢರಿಯ ಮನೆಗೆ ಬಂದರು. ಪಂಢರಿಗೆ ಊರಾಚೆಯ ಕೊಳಾರದ ಕಾರ್ಖಾನೆಯೊಂದರಲ್ಲಿ ಕೆಲಸ. ಇವರು ಬಂದು ಸಾಮಾನು ಇಳಿಸುವಷ್ಟರಲ್ಲಿ ಅಲ್ಲಿಯೂ ನೀರು ಸಾಲದೆ ಒಂದು ಪಾಳಿ ನಿಲ್ಲಿಸಿದರು. ಪಂಢರಿಯದು ಅದೇ ಪಾಳಿ.

ಪುಣೆಯಿಂದ ಕೇಶರಬಾಯಿಯ ತಂಗಿ ಜಿಜಾಬಾಯಿ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಲ್ಲಿ ಬಿಲ್ಡಿಂಗು ಕಟ್ಟುವ ಕೂಲಿಯವರ ಅಡಿಗೆ ಅವಳ ಕೈಯಲ್ಲಿತ್ತು.

"ಅಕ್ಕಾ, ಅರ್ಧ ಔರಾದ ತಾಲೂಕು ಇಲ್ಲೇ ಬಂದದ. ರೊಟ್ಟಿ ಬಡಿಯೋರು ಸಾಲವಲ್ರು. ನಿನ್ನ ಸೊಸಿ ಕಳಸ್ತಿಯೇನು? ಪಂಢರಿಗೂ ಸೈಟಿನ್ಯಾಗ ಕೆಲಸ ಹಚ್ಚಸ್ತೇನಿ."

"ಕೂಸು ಸಣ್ಣದದ ಜಿಜಾ. ತಗಡಿನ ಶೆಡ್ಡಿನ್ಯಾಗ ಹ್ಯಾಂಗ ಇಡಬೇಕು ಅದಕ್ಕ?"

"ಇಲ್ಲಿ ಎಷ್ಟು ಕೂಸು ಅವ ಅಕ್ಕಾ. ಎಲ್ಲಾ ತಗಡಿನ ಕೆಳಗೇ ಅವ."

ಕೇಶರಬಾಯಿ ಫೋನಿಟ್ಟು ಕೂಸಿನ ಜೋಳಿಗೆ ತೂಗಿದಳು.

ಶಿವರಾತ್ರಿ ಮುಗಿದ ವಾರ ಅಬ್ದುಲ ಗಫೂರ ಮನೆಗೆ ಬಂದ. ಪೇಟೆಯಲ್ಲಿ ಅವನದೊಂದು ಶಾದಿಖಾನೆ, ಮದುವೆಯ ಹಾಲು. ಒಳಗೆ ಬಂದವನು ಮೊದಲು ರೈಲು ನೋಡಿದ, ಬಗ್ಗಿ ಕೂಸು ನೋಡಿದ, ಆಮೇಲೆ ಕುರ್ಚಿಯಲ್ಲಿ ಕೂತ.

"ಬರಗಾಲದಾಗ ಯಾರು ಶಾದಿ ಮಾಡ್ತಾರ, ಭಾಭಿ? ಹಾಲು ಖಾಲಿ ಬಿದ್ದದ. ಮಕ್ಕಳ ಆಟದ ಮನಿ ಮಾಡ್ಲತ್ತೇನಿ. ಕೂಲರ್ ಹಾಕ್ತೇನಿ, ಜೋಕಾಲಿ ಹಾಕ್ತೇನಿ. ನಟ್ಟನಡುವ ನಿಮ್ಮ ರೈಲು. ಶಾಲಿ ಸೂಟಿ ಬಿಡೋದ್ರೊಳಗ ಚಾಲೂ ಆಗಬೇಕು."

"ಆಗ್ತದ ಗಫೂರ ಸಾಬ್," ಅಂದ ಕಾಶೀರಾಮ. ಅವನ ಮುಖ ಬಹಳ ದಿನದ ಮೇಲೆ ಅರಳಿತ್ತು.

"ಮೂರೂ ಗಾಡಿ ಒಮ್ಮೆಲೇ ಓಡಬೇಕು. ಡಬ್ಬಿದಾಗ ದೀಪ ಹತ್ತಬೇಕು. ಓಡಸ್ಲಿಕ್ಕ ಒಬ್ಬರು, ಒಬ್ಬರ ಪಗಾರ."

"ಇದಕ್ಕ ಇಬ್ಬರು ಬೇಕ್ರಿ."

"ಅರೇ ಕಾಶೀರಾಮ ಭಾಯಿ, ದೊಡ್ಡ ರೈಲಿಗೇ ಒಬ್ಬ ಡ್ರೈವರ್ ಇರ್ತಾನ."

"ಅವನ ಬಾಜೂಕ ಅಸಿಸ್ಟೆಂಟ್ ಇರ್ತಾನ. ಹಿಂದ ಗಾರ್ಡ್, ಸ್ಟೇಶನ್ನಿಗಿ ಮಾಸ್ತರ, ಪಾಯಿಂಟಿಗಿ ಒಬ್ಬ. ನಾ ಇಬ್ಬರದಾಗ ಮುಗಿಸೀನಿ."

ಗಫೂರ ನಕ್ಕ. ಬಾಗಿಲಲ್ಲಿ ನಿಂತಿದ್ದ ಪಂಢರಿ ಆಗ ಬಾಯಿ ಹಾಕಿದ. "ಡಿಜಿಟಲ್ ಮಾಡಿದ್ರ ಒಬ್ಬರೇ ಸಾಕು, ಚಾಚಾ."

ಚಹಾದ ಬಟ್ಟಲು ಹಿಡಿದಿದ್ದ ಕಾಶೀರಾಮ ಮಗನ ಕಡೆ ನೋಡಲಿಲ್ಲ. ಬಟ್ಟಲನ್ನು ನೋಡಿದ.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಪಲ್ಯ ತೊಳೆಯಲು ನೀರು ಬೇಕು, ಟ್ಯಾಂಕರು ಬಂದು ಆರು ದಿನವಾಗಿತ್ತು. ಪಂಢರಿ ರೊಟ್ಟಿ ಮುರಿಯುತ್ತ ಅಪ್ಪನಿಗೆ ತಿಳಿಸಿ ಹೇಳಿದ.

"ಹಳಿಗಿ ಯಾವಾಗ್ಲೂ ಕರೆಂಟು ಇರ್ತದ, ಬಾಬಾ. ಪ್ರತಿ ಎಂಜಿನಿನ ಹೊಟ್ಯಾಗ ಒಂದು ಚಿಪ್ಪು. ಕೈಯಾಗ ರಿಮೋಟು. ಎರಡನೇ ನಂಬರಿಗಿ ನಿಲ್ಲು ಅಂದ್ರ ಎರಡನೇದೇ ನಿಲ್ತದ, ಉಳಿದವು ಹೋಗ್ತಿರ್ತಾವ. ಸ್ವಿಚ್ಚಿಲ್ಲ, ಕೊಟ್ಟೆ ತಗೊಂಡೆ ಇಲ್ಲ."

"ಎರಡು ಎದುರಾಬದುರು ಬಂದ್ರ?"

"ನಿಲ್ಲಸ್ತೇನಿ."

"ನೀ ಆ ಕಡಿ ನೋಡ್ಲತ್ತಿದ್ದಿ ಅಂದ್ರ?"

"ಯಾಕ ನೋಡ್ಲಿ ಆ ಕಡಿ?"

"ನನ್ನ ಹಳಿಗಿ ಯಾರೂ ನೋಡೋದು ಬ್ಯಾಡ. ಕರೆಂಟು ಕೊಡದ ತುಂಡಿನ್ಯಾಗ ಗಾಡಿ ತಾನೇ ನಿಲ್ತದ. ನೀ ಮಲಗಿದ್ರೂ ನಿಲ್ತದ."

ಸೊಸೆ ಕೌಸಲ್ಯಾ ಕೂಸಿಗೆ ಹಾಲೂಡಿಸುತ್ತ ಗೋಡೆಗೆ ಒರಗಿದ್ದಳು. "ಮಾವ, ಲಾತೂರಿಗಿ ರೈಲಿನ್ಯಾಗ ನೀರು ಕಳಸ್ತಾರಂತ. ನಿಮ್ಮ ರೈಲು ಹಳೇ ಥರಾರೆ ಓಡ್ಲಿ, ಹೊಸಾ ಥರಾರೆ ಓಡ್ಲಿ, ನಾಕು ಕೊಡ ನೀರು ತಂದು ಹಾಕಿದ್ರ ನಾ ಕೈ ಮುಗೀತೇನಿ."

ಕೇಶರಬಾಯಿಗೆ ನಗೆ ಬಂತು. ಗಂಡಸರಿಬ್ಬರಿಗೂ ಬರಲಿಲ್ಲ.

"ಬಾಬಾ, ಗಫೂರ ಚಾಚಾ ಇಬ್ಬರ ಪಗಾರ ಕೊಡೋದಿಲ್ಲ. ಹೈದರಾಬಾದದಾಗ ತಯಾರ ಮಾಡಿದ್ದು ಸಿಗ್ತಾವ, ತರಸ್ತಾನ. ಆಮ್ಯಾಲ ನಾ, ಕೌಸಲ್ಯಾ, ಕೂಸು, ಮೂವರೂ ಜಿಜಾ ಮೌಶಿ ಕಡಿ ಹೋಗಬೇಕಾಗ್ತದ."

"ಇಬ್ಬರಿಲ್ಲದ ಓಡೋದಿಲ್ಲ ಅಂತ ಗಟ್ಟಿ ಹಿಡಿದ್ರ ಇಬ್ಬರದೂ ಕೊಡ್ತಾನ. ನೀನೇ ಬಾಗಲ ತೆಗದು ಕೊಟ್ಟಿ. ಒಬ್ಬನೇ ಓಡಸೂ ಹಂಗ ಮಾಡಿದ್ರ ನಿಮ್ಮ ಆಯಿ ಎಲ್ಲಿ ಕೂಡಬೇಕು?"

ಕೇಶರಬಾಯಿ ಕಾಶೀರಾಮನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ನಡುವ ನನ್ನ ಮಾತು ಯಾಕ? ಉಣ್ರಿ. ಆರ್ಲತ್ತದ."

ಎರಡು ದಿನ ಬಿಟ್ಟು ಪಂಢರಿ ಬೈಕಿನ ಮೇಲೆ ಹೋದವನು ನಡೆದು ಬಂದ. ಬೈಕು ಮಾರಿ, ಹೈದರಾಬಾದಿನ ಯಾರೋ ದೊಡ್ಡ ಮನೆಯವರು ಬಳಸಿ ಬಿಟ್ಟಿದ್ದ ಡಿಜಿಟಲ್ ಸೆಟ್ಟು ತರಿಸಿಕೊಂಡಿದ್ದ. ಒಂದು ಕರಿ ಬಾಕ್ಸು, ಒಂದು ರಿಮೋಟು, ಉಗುರಿನಷ್ಟಗಲದ ಮೂರು ಚಿಪ್ಪು. ಕಾಶೀರಾಮ ಅಂದಿನಿಂದ ಮಗನ ಸಂಗಡ ಮಾತು ಬಿಟ್ಟ.

ಎರಡು ಕೋಣೆಯ ಮನೆಯಲ್ಲಿ ಮಾತು ಬಿಟ್ಟ ಇಬ್ಬರು ಗಂಡಸರನ್ನು ಇಟ್ಟುಕೊಂಡು ಬಾಳುವ ಕಷ್ಟ ಬಾಳಿದವರಿಗೇ ಗೊತ್ತು. ಅಪ್ಪ ಹೊರಕೋಣೆಯಲ್ಲಿದ್ದರೆ ಮಗ ಒಳಗೆ. ಮಗ ನೀರಿನ ಸರದಿಗೆ ಹೋದರೆ ಅಪ್ಪ ಅಡಿಗೆಕೋಣೆಗೆ ಬಂದು ಚಹಾ ಕೇಳುವನು. ಇಬ್ಬರ ನಡುವೆ ಮಾತು ಅಂಟಿಸುವ ಕೆಲಸ ಕೇಶರಬಾಯಿಗೆ ಬಿತ್ತು.

"ನಿನ್ನ ಮಗಗ ಹೇಳು, ಬೈಕ್ ಮಾರಿದ್ರ ಶ್ಯಾಣೇತನ ಬರೂದಿಲ್ಲಂತ."

ಅವಳು ಒಳಗೆ ಹೋಗಿ, "ಬಾಬಾ ಕೇಳ್ಲತ್ತಾರ, ನಡದು ನಡದು ಕಾಲು ನೋವಾಗಿಲ್ಲೇನು ಅಂತ," ಅನ್ನುವಳು.

"ಅವರಿಗಿ ಹೇಳು ಆಯಿ, ಅವರ ಪ್ಯಾನಲ್ಲು ಮೋಡಕಾ ಅಂಗಡಿಗಿ ಗುಜರಿ ಹಾಕಂತ."

ಅವಳು ಹೊರಗೆ ಬಂದು, "ಪಂಢರಿ ಅಂತಾನ, ಹಳೇ ಪ್ಯಾನಲ್ಲು ಜ್ವಾಕಿ ಮಾಡಿ ತೆಗೀಬೇಕಂತ," ಅನ್ನುವಳು.

ಕೌಸಲ್ಯಾ ಇದನ್ನೆಲ್ಲ ಕೇಳಿ ಬಾಯಿಗೆ ಸೆರಗು ಒತ್ತಿಕೊಳ್ಳುವಳು. "ಅತ್ತಿ, ನೀವು ಟಿ.ವಿ.ದಾಗ ಸುದ್ದಿ ಓದ್ಲಿಕ್ಕ ಹೋಗ್ರಿ. ದೇಶದಾಗ ಜಗಳೇ ಇರೂದಿಲ್ಲ."

"ನಗು ನೀ. ನಿನ್ನ ಸಂಸಾರ ತಗಡಿನ ಕೆಳಗ ಹೋಗೋದು ತಪ್ಪಲಿ ಅಂತ ಮಾಡ್ಲತ್ತೇನಿ."

ಅರ್ಧ ಅರ್ಧ ಮಾಡುವ ಯೋಚನೆಯೂ ಅವಳದೇ. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಗಂಡನಿಗೆ ಅಂದಳು, "ಏನ್ರೀ, ಭಾಲ್ಕಿ ಕಡಿಂದು ಪಂಢರಿ ತನ್ನ ಥರಾ ಓಡಸ್ಲಿ. ಕಮಲನಗರದ ಕಡಿಂದು ನೀವು ನಿಮ್ಮ ಥರಾ ಓಡಸ್ರಿ. ಗಫೂರ ಸಾಬಗ ಓಡಿಸಿ ತೋರಸೋಣ. ಎರಡೂ ನಮೂನಿ ನೋಡಿದ್ರ ಒಂದೂವರಿ ಪಗಾರರೆ ಕೊಟ್ಟಾನು. ಯಾರೂ ಎಲ್ಲೂ ಹೋಗೋದು ಬ್ಯಾಡ."

"ಹುಚ್ಚಿ, ಅವನ ಕರೆಂಟು ಬ್ಯಾರೆ, ನಂದು ಬ್ಯಾರೆ. ಒಂದೇ ಗಾಲಿ ಎರಡಕ್ಕೂ ಒಮ್ಮೆಲೇ ಮುಟ್ಟಿದ್ರ ಸುಟ್ಟು ಬೂದಿ."

"ಒಂದು ಮನ್ಯಾಗ ಎರಡು ಒಲಿ ಹೂಡಿದೋರು ನಡುವ ತುಸು ಜಾಗ ಬಿಡೋದಿಲ್ಲೇನು?"

ಸಂಜೆ ಬುದ್ಧ ವಂದನೆ ಮುಗಿದು ಮೇಣಬತ್ತಿ ಆರಿಸುವಾಗ ಕಾಶೀರಾಮ ತಾನೇ ಮಾತು ತೆಗೆದ. "ನಡುವ ಒಂದು ತುಂಡು ಹಳಿ ಬಿಡೋಣ. ಎಂಜಿನಿಗಿಂತ ತುಸು ಉದ್ದ. ಅದರ ಸ್ವಿಚ್ಚು ನಿನ್ನ ಕಡಿ. ಅವನ ಎಂಜಿನು ಅದರಾಗ ಪೂರಾ ಬಂದು ನಿಲ್ಲಬೇಕು. ಅವ ಕೊಟ್ಟೆ ಅನಬೇಕು. ನೀ ಅವನ ಕರೆಂಟು ಬಿಡಿಸಿ ನಂದು ಹಾಕಬೇಕು. ಆಮ್ಯಾಲ ನನ್ನ ಕಡಿ ಬರ್ಲಿ."

"ಹಿಂದಿನ ಡಬ್ಬಿ?"

"ಡಬ್ಬಿ ಗಾಲಿ ಪ್ಲಾಸ್ಟಿಕ್ಕಿಂದು. ಅದಕ್ಕೇನು ಗೊತ್ತು ಕರೆಂಟು."

ಎಷ್ಟು ಉದ್ದ ಬಿಡಬೇಕು ಅಂತ ಅಳೆದವಳೂ ಅವಳೇ. ಎಂಜಿನು ಅವಳ ಗೇಣಿಗೆ ಎರಡು ಬೆರಳು ಕಡಿಮೆ. ಒಂದು ಗೇಣು ಹಳಿ ಸಾಕೆಂದು ಗುರುತು ಹಾಕಿದಳು. ಕಾಶೀರಾಮ ಆ ಗುರುತಿನಲ್ಲಿ ಹಳಿ ಕೊಯ್ದ. ಪಂಢರಿಯೂ ಒಪ್ಪಿದ, ಅವನು ತನ್ನ ಕಡೆ ತಂತಿ ಎಳೆದ. ಅಪ್ಪ ಹಲಗೆಯ ಎಡಕ್ಕೆ ಕೆಲಸ ಮಾಡಿದರೆ ಮಗ ಬಲಕ್ಕೆ. ನಡುವೆ ಆ ಗೇಣು ಹಳಿ, ಅದರ ಮುಂದೆ ಸ್ಟೂಲು.

ಮೂರು ವಾರ ಹೀಗೇ ನಡೆಯಿತು. ಬಿಸಿಲು ಏರಿತು. ಟ್ಯಾಂಕರು ಬಂದಾಗ ಕೌಸಲ್ಯಾ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಕೊಡ ಹೊತ್ತು ಓಡುವಳು. ಒಂದು ದಿನ ಪೈಪಿನ ಜಗಳದಲ್ಲಿ ಅವಳ ಕೈಬಳೆ ಒಡೆದು ಮೊಣಕೈ ತನಕ ರಕ್ತ ಸುರಿಸಿಕೊಂಡು ಬಂದಳು. ಕೊಡ ಮಾತ್ರ ತುಂಬಿತ್ತು. ಅನ್ನ ಬಸಿದ ಗಂಜಿಯಲ್ಲೇ ಬೇಳೆ ಬೇಯುತ್ತಿತ್ತು. ಹಲಗೆ, ಹಳಿ ಎಲ್ಲ ಗಫೂರನ ಶಾದಿಖಾನೆಗೆ ಹೋದವು. ಡಬ್ಬಿಗಳನ್ನು ಪಂಢರಿ ಮನೆಯಲ್ಲೇ ಇಟ್ಟುಕೊಂಡಿದ್ದ, ಒಳಕೋಣೆಯಲ್ಲಿ ಕೌಸಲ್ಯಾಳ ಜೊತೆ ಕೂತು ಏನೋ ಮಾಡುತ್ತಿದ್ದ.

ತೋರಿಸುವ ದಿನದ ಹಿಂದಿನ ಸಂಜೆ ಕಾಶೀರಾಮ ಅಡಿಗೆಕೋಣೆಯ ಬಾಗಿಲಿಗೆ ಬಂದು ನಿಂತ. ಒಲೆಯ ಮುಂದೆ ಬೆವರು ಸುರಿಸುತ್ತಿದ್ದ ಕೇಶರಬಾಯಿ ತಿರುಗಿ ನೋಡಲಿಲ್ಲ.

"ನಿನ್ನ ಮಗಗ ಹೇಳು, ಡಬ್ಬಿಗಿ ದೀಪ ಗೀಪ ಹಚ್ಚಬ್ಯಾಡ ಅಂತ. ಗಫೂರ ಕೇಳಿದಾನಂತ ಕುಣೀಬ್ಯಾಡ. ದೀಪಕ್ಕಂತ ಡಬ್ಬಿ ಗಾಲಿ ಬದಲ ಮಾಡಿ ಕಬ್ಬಿಣದ್ದು ಹಾಕಿದ ಅಂದ್ರ ಎರಡೂ ಕರೆಂಟು ಕೂಡಿ ಕೆಲಸ ಕೆಡ್ತದ. ತಿಳೀತೇನು?"

"ಹೂಂ."

ಅವಳು ಒಳಕೋಣೆಗೆ ಹೋದಳು. ಪಂಢರಿ ಮತ್ತು ಕೌಸಲ್ಯಾ ದೀಪ ಆರಿಸಿ ಕತ್ತಲಲ್ಲಿ ಕೂತಿದ್ದರು. ನೆಲದ ಮೇಲೆ ಒಂದು ತುಂಡು ಹಳಿ, ಅದರ ಮೇಲೆ ಒಂದು ಡಬ್ಬಿ, ಡಬ್ಬಿಯ ಕಿಟಕಿಗಳಲ್ಲಿ ಹಳದಿ ಬೆಳಕು. ಕೂಸು ಅದರ ಕಡೆ ಕೈಚಾಚಿ ಕೇಕೆ ಹಾಕುತ್ತಿತ್ತು. ಪಂಢರಿ ತಲೆ ಎತ್ತಿ ನೋಡಿದ. ಕೆಲಸ ಹೋದಮೇಲೆ ಅವನ ಮುಖದಲ್ಲಿ ಅಂಥ ನಗೆಯನ್ನು ಅವಳು ಕಂಡಿರಲಿಲ್ಲ.

"ಹ್ಯಾಂಗದ ಆಯಿ? ಬಾಬಾ ಏನೋ ಅಂದಂಗಿತ್ತಲ್ಲ?"

ತಿಂಗಳಿಂದ ಅತ್ತಲಿಂದ ಬಂದ ಮಾತೆಲ್ಲ ಮುಳ್ಳೇ. ಇದೂ ಒಂದು ಮುಳ್ಳು ಅಂದುಕೊಂಡಳು.

"ಹೊತ್ತಾಯ್ತು, ಊಟ ಮಾಡ್ರಿ ಅಂದ್ರು," ಅಂದಳು.

ಮರುದಿನ ಶಾದಿಖಾನೆಯಲ್ಲಿ ಗಫೂರ ತನ್ನ ಮನೆಯವರನ್ನು, ಅಕ್ಕಪಕ್ಕದ ಅಂಗಡಿಯವರನ್ನು ಕರೆದು ಕೂರಿಸಿದ್ದ. ಮದುವೆಯ ಕುರ್ಚಿಗಳಿಗೆ ಇನ್ನೂ ಕೆಂಪು ಹೊದಿಕೆ ಇತ್ತು. ಬಲತುದಿಗೆ ಪಂಢರಿ ರಿಮೋಟು ಹಿಡಿದು ನಿಂತ. ಎಡತುದಿಗೆ ಕಾಶೀರಾಮನ ಪ್ಯಾನಲ್ಲು. ಹಳಿ ತಿರುಗಿಸುವ ಪಾಯಿಂಟೊಂದು ಕಚ್ಚಿಕೊಂಡಿತ್ತೆಂದು ಅವನು ಸ್ಕ್ರೂಡ್ರೈವರು ಹಿಡಿದು ಹಲಗೆಯ ಕೆಳಗೆ ಬಗ್ಗಿದ್ದ. ನಡುವೆ ಸ್ಟೂಲಿನ ಮೇಲೆ ಕೇಶರಬಾಯಿ. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟಿದ್ದಳು.

ಮೂರು ಗಾಡಿ ಒಟ್ಟಿಗೇ ಹೊರಟವು. ಭಾಲ್ಕಿಯ ಸುತ್ತು ಒಂದರ ಹಿಂದೆ ಒಂದು ಓಡಿದವು, ಒಂದು ನಿಂತಿತು, ಎರಡು ಹೋದವು. ಗಫೂರ ಕೈ ತಟ್ಟಿದ. ಯಾರೋ ಹಾಲಿನ ದೀಪ ಆರಿಸಿದರು. ಕತ್ತಲಲ್ಲಿ ಡಬ್ಬಿಗಳ ಕಿಟಕಿ ಸಾಲಾಗಿ ಹೊಳೆದವು. "ವಾಹ್," ಅಂದರು ಮಂದಿ. ಒಂದು ಗಾಡಿ ಸುತ್ತು ಬಿಟ್ಟು ಅವಳ ಕಡೆ ತಿರುಗಿತು. ಎಂಜಿನು ಆ ಗೇಣು ಹಳಿಯೊಳಗೆ ಬಂದು ಅಳೆದಿಟ್ಟ ಹಾಗೆ ನಿಂತಿತು. ಅದರ ಬೆನ್ನಿಗೆ ಮೊದಲ ಡಬ್ಬಿ ಗಡಿಯ ಮೇಲೆ ನಿಂತಿತ್ತು, ಅರ್ಧ ಅಲ್ಲಿ, ಅರ್ಧ ಇಲ್ಲಿ, ಕಿಟಕಿ ತುಂಬ ಬೆಳಕು.

"ಕೊಟ್ಟೆ," ಅಂದ ಪಂಢರಿ. ಅವನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಕಾಶೀರಾಮ ಹಲಗೆಯ ಕೆಳಗಿಂದ ತಲೆ ಹೊರಗೆ ಹಾಕಿದ. ಬೆಳಕು ನೋಡಿದ.

"ಕೇಶರಾ, ಬ್ಯಾಡ!"

ನಾಲ್ಕು ಜನರ ಮುಂದೆ ಅವನು ಅವಳ ಹೆಸರು ಹಿಡಿದು ಕರೆದವನೇ ಅಲ್ಲ.

"ತಗೊಂಡೆ," ಅಂದಿದ್ದಳು ಅವಳು. ಸ್ವಿಚ್ಚು ಆಗಲೇ ಎಡಕ್ಕೆ ಬಿದ್ದಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಚಟ್ ಅಂತ ಒಂದು ಕಿಡಿ, ಡಬ್ಬಿಗಳ ದೀಪವೆಲ್ಲ ಒಮ್ಮೆ ಬೆಳ್ಳಗೆ ಉರಿದು ಆರಿದವು. ಕರಿ ಬಾಕ್ಸಿನಿಂದ ಎಳೆಯಷ್ಟು ಹೊಗೆ ಎದ್ದಿತು. ಸುಟ್ಟ ವಾರ್ನಿಶಿನ ವಾಸನೆ. ಭಾಲ್ಕಿಯ ಅಂಗಡಿಯಲ್ಲಿ ದಿನವೂ ಇದ್ದ ವಾಸನೆ ಅದು. ಯಾರೋ ದೀಪ ಹಾಕಿದರು. ಗಫೂರನ ಕುರ್ಚಿ ಕಿರುಗುಟ್ಟಿತು.

"ಹಳೇದಕ್ಕೂ ಹೊಸಾದಕ್ಕೂ ಗಂಟು ಹಾಕಿದ್ರಿ ಏನು?" ಅಂದ. ಸಿಟ್ಟಿನಿಂದ ಅನ್ನಲಿಲ್ಲ. "ನಾಳಿ ಮಕ್ಕಳು ನಿಂತಾಗ ಹೊಗಿ ಬಂದ್ರ ಮಂದಿ ನನ್ನ ಹಿಡೀತಾರ, ಭಾಯಿ. ಒಂದೇ ನಮೂನಿ ಮಾಡ್ರಿ. ಹೊಸಾ ನಮೂನಿ, ಒಬ್ಬರೇ. ಅರ್ಧ ಸೂಟಿ ಹೋದ್ರ ಹೋಗ್ಲಿ, ಬುದ್ಧ ಪೂರ್ಣಿಮಾ ತನಕ ಹಾದಿ ನೋಡ್ತೇನಿ. ಆಗಲಿಲ್ಲ ಅಂದ್ರ ಹೈದರಾಬಾದದಿಂದ ತರಸ್ತೇನಿ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಕಾಶೀರಾಮ ತಿಂಗಳ ಮೇಲೆ ಮೊದಲ ಸಲ ಮಗನ ಮುಖಕ್ಕೆ ಮಾತಾಡಿದ.

"ಡಬ್ಬಿಗಿ ದೀಪ ಹಚ್ಚಬ್ಯಾಡ ಅಂತ ನಿನ್ನೆ ಹೇಳಿ ಕಳಿಸಿದ್ದೆ."

"ಯಾರ ಕೈಲೆ? ನನಗ ಯಾರೂ ಹೇಳಿಲ್ಲ."

"ಗಾಲಿ ಬದಲ ಮಾಡಬ್ಯಾಡ ಅಂತ ಹೇಳಿ—"

"ಬಾಬಾ, ಆ ಕೂಸಿನಾಣಿ ನನಗ ಯಾರೂ ಹೇಳಿಲ್ಲ!"

ಇಬ್ಬರೂ ಒಟ್ಟಿಗೆ ಕೇಶರಬಾಯಿಯ ಕಡೆ ತಿರುಗಿದರು.

ಕೇಶರಬಾಯಿ ಬಿಳಿ ಸೀರೆಯ ಸೆರಗು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. "ಅತ್ತಿ," ಅಂದಳು ಕೌಸಲ್ಯಾ ಮೆಲ್ಲಗೆ, ಅಷ್ಟೇ ಅಂದಳು.

"ಹೇಳಿಲ್ಲ," ಅಂದಳು ಕೇಶರಬಾಯಿ. "ಮತ್ತ ಜಗಳ ಆಗ್ತದ ಅಂತ ಹೇಳಿಲ್ಲ."

ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕಾಶೀರಾಮ ಗೋಡೆ ಹಿಡಿದು ಕೂತ. ಪಂಢರಿ ಹೊತ್ತು ತಂದಿದ್ದ ಕರಿ ಬಾಕ್ಸಿಗೆ ಕೈಚಾಚಿದ.

"ಪಂಢರಿ, ಇದರ ಸ್ಕ್ರೂ ಬಿಚ್ಚು. ಒಳಗ ಎಲ್ಲಿ ತನಕ ಸುಟ್ಟದ ನೋಡೋಣ."

ಅಪ್ಪ ಮಗ ತಲೆಗೆ ತಲೆ ಹಚ್ಚಿ ಕೂತರು. "ಇದು ಏನು ಕೆಲಸ ಮಾಡ್ತದ?" "ಇದು ನಂಬರು ಕಳಸ್ತದ ಬಾಬಾ." "ಮತ್ತ ಇದು?" ಕೇಶರಬಾಯಿ ಒಲೆ ಹಚ್ಚಿದಳು. ರೊಟ್ಟಿ ಬಡಿಯುವ ಸದ್ದಿನ ನಡುವೆ ಅವರ ಮಾತು ಕೇಳುತ್ತಿತ್ತು. ಒಬ್ಬನ ಮಾತು ಇನ್ನೊಬ್ಬನಿಗೆ ಒಯ್ಯಲು ಯಾರೂ ಅವಳನ್ನು ಕರೆಯಲಿಲ್ಲ. ಎರಡು ಸಲ ತಾನೇ ಬಾಗಿಲ ತನಕ ಹೋಗಿ ತಿರುಗಿ ಬಂದಳು.

ಚಿಪ್ಪು ಒಂದು ಪೂರಾ ಹೋಗಿತ್ತು, ಎರಡು ಉಳಿದಿದ್ದವು. ಬಾಕ್ಸು ಹೈದರಾಬಾದಿಗೆ ಹೋಗಿ ರಿಪೇರಿಯಾಗಿ ಬರಬೇಕು. ಕಮಲನಗರದ ಕಡೆಯ ತಂತಿಗಳನ್ನು ಕಾಶೀರಾಮ ತನ್ನ ಕೈಯಾರೆ ಕಿತ್ತ. ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ ಡಾಲ್ಡಾ ಡಬ್ಬಿಗೆ ಹಾಕಿದ. ಕೊಯ್ದ ಗೇಣು ಹಳಿಯನ್ನು ಎರಡೂ ಕಡೆ ಬೆಸುಗೆ ಹಾಕಿ ಕೂಡಿಸಿದ.

ಆ ವಾರ ಒಂದು ರಾತ್ರಿ ಊಟದಲ್ಲಿ ಕೇಶರಬಾಯಿ ಎಲ್ಲರಿಗೂ ಬಡಿಸಿ, ತಾನು ತಾಟು ಹಾಕಿಕೊಳ್ಳದೆ ಕೂತಳು.

"ಜಿಜಾಗ ಫೋನ್ ಮಾಡಿದ್ದೆ. ಕೂಲಿ ಹಚ್ಚೋ ಮುಕಾದಮ ಮೊದಲನೇ ತಿಂಗಳ ಪಗಾರ ಮುಂಚೇನೇ ಕೊಡ್ತಾನಂತ. ಬಾಕ್ಸಿನ ರಿಪೇರಿ ಆಗ್ತದ."

"ಯಾರು ಹೋಗ್ತಾರ?" ಅಂದ ಪಂಢರಿ. "ನಾ ಹೋದ್ರ ರೈಲು ಯಾರು ಓಡಸ್ತಾರ?"

"ನಿನಗ ಯಾರು ಹೋಗಂದ್ರು? ನಾ ಹೋಗ್ತೇನಿ."

"ಆಯಿ, ಹುಚ್ಚಿದ್ದಿಯೇನು? ಈ ವಯಸ್ಸಿನ್ಯಾಗ?"

"ರೊಟ್ಟಿ ಬಡೀಲಿಕ್ಕ ವಯಸ್ಸೇನು? ಇಲ್ಲಿ ಬಡಿಯೋದು ಅಲ್ಲಿ ಬಡೀತೇನಿ. ಕೌಸಲ್ಯಾ ಕೂಸು ಬಿಟ್ಟು ಹೋಗ್ಲಿಕ್ಕ ಆಗೋದಿಲ್ಲ. ಬಾಬಾರ ಕೈ ನಡಗ್ಲತ್ತಾವ, ಸೈಟಿನ್ಯಾಗ ಯಾರು ಇಟ್ಟುಗೊಳ್ತಾರ?"

"ಅತ್ತಿ, ನಾ ಏನರೆ ಅಂದಿದ್ರ—"

"ನೀ ಏನೂ ಅಂದಿಲ್ಲವ್ವ. ಉಣ್ಣು."

ಕಾಶೀರಾಮ ತುತ್ತು ಹಿಡಿದವನು ಹಾಗೇ ಕೂತಿದ್ದ. "ನೀ ಹೋದ್ರ ಕಮಲನಗರದ ಪ್ಯಾನಲ್ಲಿಗಿ ಯಾರು—" ಅಂದ. ಅಂದವನು ಡಾಲ್ಡಾ ಡಬ್ಬಿಯ ಕಡೆ ನೋಡಿದ. ಮಾತು ಅಲ್ಲೇ ಬಿಟ್ಟು ಉಂಡ.

ಬುದ್ಧ ಪೂರ್ಣಿಮೆಯಂದು ಕೇಶರಬಾಯಿ ವಿಹಾರದಲ್ಲಿ ಮೇಣಬತ್ತಿ ಹಚ್ಚಿ ಬಂದಳು. ಎರಡು ದಿನ ಬಿಟ್ಟು ಗಫೂರನ ಆಟದ ಮನೆ ತೆರೆಯುವುದೆಂದು ಗೊತ್ತಾಯಿತು. ಅವಳ ಪುಣೆಯ ಗಾಡಿಯೂ ಅದೇ ಬೆಳಗಿನದು. ಅಪ್ಪ ಮಗ ನಸುಕಿನಲ್ಲೇ ಶಾದಿಖಾನೆಗೆ ಹೋದರು, ಹೋಗುವಾಗ ಕಾಶೀರಾಮ ಬಾಗಿಲಲ್ಲಿ ನಿಂತು, "ನೀರಿನ ಬಾಟ್ಲಿ ತಗೊಂಡಿಯೇನು?" ಅಂದ. "ತಗೊಂಡೀನ್ರಿ," ಅಂದಳು. ಸ್ಟೇಶನ್ನಿಗೆ ಕೌಸಲ್ಯಾ ಬಂದಳು, ಕೂಸನ್ನು ಕಿಟಕಿಯ ತನಕ ಎತ್ತಿ ಹಿಡಿದಳು. ಅವಳ ಮುಂಗೈಯಲ್ಲಿ ಬಳೆ ಒಡೆದ ಗಾಯ ಇನ್ನೂ ಕರಿಗಟ್ಟಿತ್ತು. ಗಾಡಿ ಹೊರಟಾಗ ಕೂಸು ನಕ್ಕಿತು. ಸದ್ದು ಅದಕ್ಕೆ ಗೊತ್ತಿದ್ದ ಸದ್ದು.

ಬೋಗಿಯ ತುಂಬ ಗಂಟು, ಪಾತ್ರೆ, ಮಕ್ಕಳು. ಎಲ್ಲರೂ ಹೋಗುವವರೇ, ಬರುವವರು ಯಾರೂ ಇಲ್ಲ. ಭಾಲ್ಕಿಯ ಹೊರಗೆ ಗಾಡಿ ನಿಂತಿತು. ಮಂದಿ ಕಿಟಕಿಯಿಂದ ತಲೆ ಹಾಕಿ ಬೈದರು. ಆಗ ಅವಳ ಫೋನು ಗುಣುಗುಟ್ಟಿತು. ಕಾಶೀರಾಮ.

"ಎಲ್ಲಿ ಅದಿ?"

"ಭಾಲ್ಕಿ ಹೊರಗ. ಸಿಗ್ನಲ್ ಬಿದ್ದಿಲ್ರಿ."

"ಮುಂದಿನ ತುಂಡಿನ್ಯಾಗ ಯಾವುದರೆ ಗಾಡಿ ಇರಬೇಕು."

"ಇರಬೇಕು."

ಅವನ ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು, ಕೂಲರಿನ ಸದ್ದು, ಅದರ ಕೆಳಗೆ ಸಣ್ಣಗೆ ಗಾಲಿಗಳ ಸದ್ದು.

"ಹ್ಯಾಂಗ ಓಡ್ಲತ್ತಾವ?"

"ಎರಡು ಓಡ್ಲತ್ತಾವ, ದೀಪ ಹತ್ಯಾವ. ಮೂರನೇದರ ಚಿಪ್ಪು ಬರ್ಲಿಕ್ಕದ. ಪಂಢರಿ ಒಬ್ಬನೇ ಓಡಸ್ಲತ್ತಾನ. ಛಲೋ ಓಡಸ್ಲತ್ತಾನ."

"ನೀವು ಏನ್ ಮಾಡ್ಲತ್ತೀರಿ?"

"ಕುಂತೀನಿ."

"ಎಲ್ಲಿ?"

"ನಿನ್ನ ಸ್ಟೂಲಿನ ಮ್ಯಾಲ."

ಗಾಡಿ ಒಮ್ಮೆ ಜಗ್ಗಿ ಮುಂದೆ ಸರಿಯಿತು. ಅದು ಫೋನಿನಲ್ಲಿ ಅವನಿಗೂ ಕೇಳಿರಬೇಕು. "ಬಿಟ್ರೇನು?" ಅಂದ.

"ಬಿಟ್ರು."

ಭಾಲ್ಕಿ ಸ್ಟೇಶನ್ ಬಂತು. ಎದುರಿಗೆ ತಮ್ಮ ಅಂಗಡಿಯ ಬಾಗಿಲು, ಬೀಗದ ಮೇಲೆ ಕೆಂಪು ಧೂಳು. ಫೋನನ್ನು ಅವನೂ ಇಡಲಿಲ್ಲ, ಅವಳೂ ಇಡಲಿಲ್ಲ. ಅವಳ ಕಿವಿಗೆ ಒಂದು ಕಡೆ ದೊಡ್ಡ ಗಾಲಿಗಳ ಸದ್ದು, ಇನ್ನೊಂದು ಕಡೆ ಸಣ್ಣ ಗಾಲಿಗಳ ಸದ್ದು. ಕಮಲನಗರ ದಾಟಿ ರಾಜ್ಯದ ಗಡಿ ಬಂದಲ್ಲಿ ಫೋನಿನ ರೇಂಜು ಹೋಗಿ, ಅವಳ ಕಿವಿಯಲ್ಲಿ ಸಣ್ಣ ಗಾಲಿಗಳು ತಾವೇ ನಿಂತವು.